ಬಿಸಿಲುಕೋರ

ಪೊಟ್ಟಣ ಇನ್ನೂ ಒದ್ದೆಯಾಗಿತ್ತು. ಅವಳು ಅದನ್ನು ಅಂಗೈ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ಒಣಗಿದ್ದರೆ ಒಳಗಿನದು ತರಗೆಲೆಯ ಹಾಗೆ ಚರಚರ ಎನ್ನಬೇಕಿತ್ತು. ಇದು ಹಿಂಡಿಟ್ಟ ಬಟ್ಟೆಯ ಹಾಗೆ ಮೆತ್ತಗೆ ಕುಸಿಯಿತು.

"ಇವೇ ಕೊನೇವು," ಎಂದಳು. "ಮಿಕ್ಕಿದ್ದನ್ನೆಲ್ಲ ಭಾವ ಒಲೆ ಪಕ್ಕ ಇಟ್ಟು ಒಣಗಿಸಿದ್ದಾರೆ, ಯಾವ ಮರ, ಯಾವ ಜಾಗ ಅಂತ ಬರೆದಿದ್ದಾರೆ. ಇವು ಮಾತ್ರ ಹಸಿ. ಮೇಲೆ ಏನೂ ಬರೆದಿಲ್ಲ."

"ಬರೀದೆ ಯಾಕೆ ಬಿಟ್ರು?"

ಕೇಳಿದವನು ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ತಂಡದ ಮುಖ್ಯಸ್ಥ. ಹೆಗಲ ಮೇಲೆ ಸದಾ ಹಗ್ಗದ ಸುರುಳಿ ಇರುತ್ತಿದ್ದುದರಿಂದ ಊರಿಗೆಲ್ಲ ಅವನು ಹಗ್ಗದಣ್ಣ. ಅವನ ಬೂಟಿಗೆ ಮೆತ್ತಿದ್ದ ಕೆಸರು ಪ್ರಯೋಗಾಲಯದ ನೆಲದ ಮೇಲೆ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು.

"ಒದ್ದೆ ಕಾಗದದ ಮೇಲೆ ಬರೆದ್ರೆ ಮಸಿ ಹರಡುತ್ತೆ ಅಂತ. ಒಣಗೋವರೆಗೂ ಎಲ್ಲಾನೂ ತಲೇಲೇ ಇಟ್ಕೊಂಡಿರ್ತಾರೆ."

"ಆ ತಲೆ ಎಲ್ಲಿದೆ ಅನ್ನೋದೇ ಈಗ..." ಎಂದವನು, ಬಾಗಿಲ ಪಕ್ಕದಲ್ಲಿ ಕೂತಿದ್ದ ಅವಳ ಅಕ್ಕನ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಅಕ್ಕ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೆನ್ನಿಲ್ಲದ ಎತ್ತರದ ಸ್ಟೂಲಿನ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೊರಡುವವಳ ಹಾಗೆ ಕೂತಿದ್ದಳು. ಗಂಡ ಇಷ್ಟು ವರ್ಷ ದುಡಿದ ಈ ಕೋಣೆಗೆ ಅವಳು ಬಂದಿದ್ದು ಇದೇ ಮೊದಲು. ಗೋಡೆಯುದ್ದಕ್ಕೂ ಇದ್ದ ಕಬ್ಬಿಣದ ಬೀರುಗಳನ್ನೂ, ಮೇಜಿನ ಮೇಲಿನ ಮೈಕ್ರೋಸ್ಕೋಪನ್ನೂ, ಮೊಳೆಗೆ ತೂಗುಹಾಕಿದ್ದ ಮರ ಹತ್ತುವ ಹಗ್ಗವನ್ನೂ ಒಂದೊಂದಾಗಿ ನೋಡುತ್ತಿದ್ದಳು.

ಅಕ್ಕನ ಗಂಡ, ಅಂದರೆ ಇವಳ ಭಾವ, ಬೆಟ್ಟದ ಕಾಡುಗಳಿಂದ ಕಲ್ಲುಹೂವು ತರುವ ಕೆಲಸದವರು. ಹೆಸರು ಕಲ್ಲುಹೂವು, ಆದರೆ ಅದು ಕಲ್ಲಿನ ಮೇಲೇ ಇರಬೇಕೆಂದಿಲ್ಲ, ಹೂವಂತೂ ಅಲ್ಲವೇ ಅಲ್ಲ. ಮರದ ತೊಗಟೆಗೆ ಬೂದಿ ಮೆತ್ತಿದ ಹಾಗೆ, ಗಡ್ಡ ನೇತುಬಿದ್ದ ಹಾಗೆ, ಒಡೆದ ಬಣ್ಣದ ಹಾಗೆ ಬೆಳೆದುಕೊಂಡಿರುತ್ತದೆ. ಅದನ್ನು ತೊಗಟೆಯ ಚೂರಿನ ಸಮೇತ ಕೆತ್ತಿ ಪೊಟ್ಟಣ ಕಟ್ಟಿ ತರುವುದು ಭಾವನ ಪಾಲು. ಯಾವುದು ಯಾವ ಜಾತಿ ಎಂದು ಕಂಡುಹಿಡಿದು ಹೆಸರು ಹಚ್ಚುವುದು ಇವಳ ಪಾಲು. "ಹಡೆಯೋ ಕಷ್ಟ ನಂದು, ಹೆಸರಿಡೋ ಸುಖ ನಿಂದು," ಎಂದು ಭಾವ ರೇಗಿಸುತ್ತಿದ್ದರು.

ಈ ಸಲ ಅವರು ಹೋಗಿದ್ದು ಬೆಟ್ಟದ ನಡುವಿನ ಕಲ್ಲಿನ ಗುಡಿಸಲಿಗೆ. ಅಲ್ಲೇ ಉಳಿದು ಸುತ್ತಲ ಕಾಡಿನಲ್ಲಿ ದಿನಾ ಕೆಲಸ. ನಿನ್ನೆ ಬೆಳಿಗ್ಗೆ ಹೊರಟವರು ಮರಳಿರಲಿಲ್ಲ. ಇವತ್ತು ಬೆಳಿಗ್ಗೆ ಹೇಸರಗತ್ತೆಯ ಮೇಲೆ ಸಾಮಾನು ತಲುಪಿಸಲು ಹೋದವನು ತಣ್ಣಗಾದ ಒಲೆಯನ್ನೂ, ಮಡಚಿದ ಹಾಗೇ ಇದ್ದ ಹಾಸಿಗೆಯನ್ನೂ ಕಂಡು, ಗುಡಿಸಲಿನಲ್ಲಿದ್ದ ಪೊಟ್ಟಣಗಳ ಚೀಲ ಹೊತ್ತುಕೊಂಡು ಓಡೋಡಿ ಕೆಳಗೆ ಬಂದಿದ್ದ.

"ನೋಡಿ ಮೇಡಂ," ಹಗ್ಗದಣ್ಣ ಮೇಜಿನ ಮೇಲೆ ಎರಡೂ ಕೈ ಊರಿದ. "ಗುಡಿಸಲಿಂದ ಮುಂದೆ ಕಾಡಿಗೆ ದಾರಿ ಇರೋದೇ ಎರಡು. ಒಂದು ಮೇಲಕ್ಕೆ, ಬೆಟ್ಟದ ನೆತ್ತಿಗೆ. ಇನ್ನೊಂದು ಕೆಳಕ್ಕೆ, ಕಮರಿಗೆ. ನನ್ನ ಹತ್ರ ಇರೋದು ಒಂದೇ ತಂಡ. ಮಂಜು ಬೇರೆ ಇಳೀತಾ ಇದೆ, ಕೂಗಿದ್ರೆ ಕೂಗು ಮೂಗಿನ ತುದಿ ದಾಟಲ್ಲ. ಎರಡು ಕಡೆ ಹಂಚಿದ್ರೆ ಎರಡೂ ಕಡೆ ಅರೆಬರೆ ಆಗುತ್ತೆ. ನಿಮ್ಮ ಭಾವ ಒಂದು ಜಾಗ ಹಿಡಿದ್ರೆ ಅದು ಮುಗಿಯೋವರೆಗೂ ಬಿಡಲ್ಲ ಅಂತೀರಿ. ಅಂದ್ರೆ ಮೊನ್ನೆ ಎಲ್ಲಿಗೆ ಹೋಗಿದ್ರೋ ನಿನ್ನೆನೂ ಅಲ್ಲಿಗೇ. ಅಲ್ವಾ? ಇದು ಎಲ್ಲಿಂದ ಕಿತ್ತಿದ್ದು ಅಂತ ಹೇಳಿ, ಸಾಕು. ನಾವು ಹೊರಡ್ತೀವಿ."

ಅವಳು ಪೊಟ್ಟಣ ಬಿಚ್ಚಿದಳು. ಒಳಗಿದ್ದುದು ಬೆರಳುದ್ದದ ಕಡ್ಡಿ. ಅದರ ಸುತ್ತ ಹಸಿರು ಬೆರೆತ ಹಳದಿಯ ಗೊಂಚಲು, ತುದಿತುದಿಗೆ ಕಂದು ಬಟ್ಟಲುಗಳು. ನೋಡಿದೊಡನೆ ಎದೆಯಲ್ಲಿ ಹೆಸರು ಹೊಳೆಯಿತು. ಆದರೂ ಕಣ್ಣನ್ನು ನಂಬಿ ಹೆಸರಿಡುವ ಪದ್ಧತಿ ಅವಳದಲ್ಲ. ಮಸೂರದ ಕೆಳಗೆ ಹಿಡಿದಳು. ಬ್ಲೇಡಿನಿಂದ ಗೊಂಚಲಿನ ಚೂರೊಂದನ್ನು ಸೀಳಿ, ಒಳಗಿನ ಬಿಳಿಯ ಮೇಲೆ ಬ್ಲೀಚ್ ನೀರಿನ ಒಂದು ತೊಟ್ಟು ಬಿಟ್ಟಳು. ಹಗ್ಗದಣ್ಣ ಉಸಿರು ಬಿಗಿಹಿಡಿದು ಬಗ್ಗಿದ. ಬಿಳಿ ನಿಧಾನವಾಗಿ ಕೆಂಪಾಯಿತು, ಗಾಯಕ್ಕೆ ಸುತ್ತಿದ ಬಟ್ಟೆಯಲ್ಲಿ ರಕ್ತ ಒಸರುವ ಹಾಗೆ. ಇನ್ನೊಂದು ಪೊಟ್ಟಣ ಬಿಚ್ಚಿದಳು, ಮತ್ತೊಂದು. ಎಲ್ಲದರಲ್ಲೂ ಅದೇ.

"ಬಿಸಿಲುಕೋರ," ಎಂದಳು.

"ಯಾರು?"

"ಇದರ ಹೆಸರು. ಪುಸ್ತಕದ ಹೆಸರು ಬೇರೆ ಇದೆ, ಮಾರುದ್ದ. ಇದು ಭಾವ ಇಟ್ಟಿದ್ದು. ಬಿಸಿಲು, ಗಾಳಿ ಎರಡೂ ಇಲ್ದೆ ಇದ್ರೆ ಇದು ಬದುಕಲ್ಲ. ನೆತ್ತಿ ಹತ್ತಿರ ಗಾಳಿಗೆ ಕುಳ್ಳಾದ ಮರಗಳಿರ್ತಾವಲ್ಲ, ಅಲ್ಲಿ ಕೈಗೆಟುಕೋ ಕೊಂಬೆಗಳಲ್ಲೇ ಸಿಗುತ್ತೆ."

"ಕಮರೀಲಿ?"

"ಕಮರೀಲಿ ಹಗಲೂ ಕತ್ತಲು. ಅಲ್ಲಿ ಇದು ಇರಬೇಕು ಅಂದ್ರೆ ದೊಡ್ಡ ಮರಗಳ ತುತ್ತತುದೀಲಿ, ಬಿಸಿಲು ಬೀಳೋ ಕಡೆ ಇರಬೇಕು. ಅದನ್ನ ತರೋಕೆ ಮರ ಹತ್ತಬೇಕು. ಹಗ್ಗ ನೋಡಿ, ಇಲ್ಲೇ ನೇತಾಡ್ತಿದೆ. ಈ ಸಲ ಹಗುರವಾಗಿ ಹೋಗ್ತೀನಿ ಅಂತ ಬಿಟ್ಟು ಹೋದ್ರು."

ಹಗ್ಗದಣ್ಣ ಗೋಡೆಯ ಹಗ್ಗ ನೋಡಿದ. ಹಗ್ಗದ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಗಡ್ಡ ಕೆರೆದುಕೊಂಡು ಕೇಳಿದ: "ಗಾಳಿಗೆ ಮುರಿದು ಬಿದ್ದ ಕೊಂಬೆಯಿಂದ ಕಿತ್ತಿದ್ರೆ?"

ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು.

"ಭಾವನಾ? ಬಿದ್ದಿದ್ದನ್ನಾ? ಒಂದು ಸಲ ನಾನೇ ಬಿದ್ದ ಕೊಂಬೇದು ತಂದಿದ್ದೆ. ಎಲ್ಲರ ಮುಂದೆ ಪೊಟ್ಟಣ ಎತ್ತಿ ಹಿಡಿದು, 'ಬಿದ್ದಿದ್ದನ್ನ ಎತ್ಕೊಂಡು ಬರೋಕೆ ನಾವೇನು ಸೌದೆ ಆಯೋರಾ?' ಅಂದ್ರು. ಯಾವ ಮರದ್ದು, ಯಾವ ಎತ್ತರದ್ದು, ಯಾವಾಗ ಬಿದ್ದಿದ್ದು, ಏನೂ ಗೊತ್ತಾಗಲ್ಲ ಅದರಲ್ಲಿ. ನಮ್ಮ ಕೆಲಸದಲ್ಲಿ ಅದು ಕಸಕ್ಕೆ ಸಮ. ಅವರು ಪ್ರಾಣ ಹೋದ್ರೂ ಅದನ್ನ ಮುಟ್ಟಲ್ಲ."

"ಅಷ್ಟು ಮೇಲಕ್ಕಾ ಕಣೇ?" ಅಕ್ಕ ಕೇಳಿದಳು. ಬಂದಾಗಿನಿಂದ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು. "ನೆತ್ತಿಗಾ? ಖಂಡಿತಾನಾ?"

"ಇಷ್ಟು ವರ್ಷದಿಂದ ಹತ್ತುತ್ತಿಲ್ವಾ ಅಕ್ಕಾ? ಭಾವನಿಗೆ ಅದೊಂದು ಲೆಕ್ಕಾನಾ?"

"ಅಲ್ಲ, ಏರು ಜಾಸ್ತಿ ಇರುತ್ತಲ್ಲ ಅಂತ..." ಅಕ್ಕ ಗೋಡೆಯ ಹಗ್ಗವನ್ನು ನೋಡಿದಳು. ಹೊರಗಿನವನಾದ ಹಗ್ಗದಣ್ಣನನ್ನು ನೋಡಿದಳು. ಆಮೇಲೆ ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. "ನಿಂಗೆ ಗೊತ್ತಿರುತ್ತೆ ಬಿಡು. ನೀನು ಓದಿದವಳು."

"ಇದು ಸುಳ್ಳು ಹೇಳಲ್ಲ ಅಕ್ಕಾ," ಎಂದು ಅವಳು ಕೆಂಪಾದ ಚೂರಿನತ್ತ ಬೆರಳು ತೋರಿದಳು.

ಹಗ್ಗದಣ್ಣ ಆಗಲೇ ಬಾಗಿಲು ದಾಟಿದ್ದ. ಅಂಗಳದಲ್ಲಿ ಅವನ ದನಿ ಕೇಳಿಸಿತು: "ಮೇಲಕ್ಕೆ ಕಣ್ರೋ! ನೆತ್ತಿಗೆ!"

*

ಕಾಯುವುದು ಅಕ್ಕನ ಮನೆಯಲ್ಲಿ. ಅಕ್ಕ ಕೂತಲ್ಲಿ ಕೂರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಮೇಲಿಟ್ಟಳು. ಕಿಟಕಿಯ ಗಾಜು ತಿಕ್ಕಿದಳು. ತಿಕ್ಕಿದ ಗಾಜಿನ ಆಚೆ ಬೆಟ್ಟ ಕಾಣಬೇಕಿತ್ತು. ಹಾಲು ಚೆಲ್ಲಿದ ಹಾಗಿದ್ದ ಮಂಜು ಬಿಟ್ಟರೆ ಏನೂ ಇರಲಿಲ್ಲ. ತಂಗಿ ಚಹಾ ಮಾಡಿಕೊಟ್ಟರೆ ಅಕ್ಕ ಎರಡು ಗುಟುಕು ಕುಡಿದು ಲೋಟ ಎಲ್ಲೋ ಇಟ್ಟು ಮರೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಮನೆಯ ತುಂಬ ಅರ್ಧ ಕುಡಿದ ಲೋಟಗಳು.

"ಬರ್ಲಿ, ಮಾಡ್ತೀನಿ ಅವರಿಗೆ," ಎನ್ನುವಳು. "ಇನ್ನು ಬೆಟ್ಟ ಗಿಟ್ಟ ಅಂದ್ರೆ ಬಾಗಿಲಿಗೆ ಬೀಗ ಜಡೀತೀನಿ. ಒಂದು ವರ್ಷ ಕಾಲು ಚಾಚ್ಕೊಂಡು ಕೂರ್ಲಿ. ನಿಮ್ಮ ಆಫೀಸಿನವರಿಗೂ ಹೇಳ್ತೀನಿ."

"ಹೇಳು."

"ನೀನೂ ಸೇರ್ಕೊಂಡು ಕಳಿಸ್ತೀಯ. ಅದಿದೆ ಭಾವ, ಇದಿದೆ ಭಾವ, ತಂದ್ಕೊಡಿ ಅಂತ. ನೀನು ಕೇಳಿದ್ರೆ ಅವರು ಇಲ್ಲ ಅಂತಾರಾ? ನಾದಿನಿ ಎದುರಿಗೆ ಸಣ್ಣವರಾಗ್ತಾರಾ?"

ಅದು ಬೈಗುಳವೂ ಆಗಿತ್ತು, ಅಕ್ಕರೆಯೂ ಆಗಿತ್ತು. ತಂಗಿಯ ಮನಸ್ಸೆಲ್ಲ ನೆತ್ತಿಯ ಕುಳ್ಳು ಮರಗಳ ನಡುವೆ ಇತ್ತು. ಅಲ್ಲಿ ಬಂಡೆಗಳ ಸಂದು ಬಹಳ, ಕಾಲು ಸಿಕ್ಕಿಕೊಂಡಿದ್ದರೂ ಗಾಳಿ ತಾಕದ ಮರೆ ಸಿಗುತ್ತದೆ, ಭಾವ ಅನುಭವಸ್ಥರು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಷ್ಟೂ ಅದೇ ನಿಜವೆನಿಸುತ್ತಿತ್ತು. ಮೊದಲ ದಿನ ನೆತ್ತಿಯಿಂದ ಸುದ್ದಿ ಬರಲಿಲ್ಲ. ಇನ್ನೂ ಹುಡುಕುತ್ತಿದ್ದಾರೆ ಎಂದಷ್ಟೇ ತಿಳಿಯಿತು. ಅವಳೇ ಫೋನಿನಲ್ಲಿ ಹಗ್ಗದಣ್ಣನ ಕಡೆಯವನಿಗೆ, "ಅಲ್ಲೇ ಇದ್ದಾರೆ, ಬಿಡಬೇಡಿ, ಬಂಡೆ ಸಂದೆಲ್ಲ ನೋಡಿ," ಎಂದು ಒತ್ತಿ ಹೇಳಿದಳು. ಅವರು ಇನ್ನೊಂದು ಹಗಲು ಅಲ್ಲೇ ಹುಡುಕಿದರು.

ಭಾವ ಸಿಕ್ಕಿದ್ದು ತಂಡ ಸೋತು ಇಳಿದು, ಕೊನೆಗೆ ಕಮರಿಯ ದಾರಿ ಹಿಡಿದಾಗ.

*

ಆಸ್ಪತ್ರೆಯ ಹಿಂಭಾಗದಲ್ಲಿ ಶವಾಗಾರ. ಮುಂದೆ ಒಂದು ಉದ್ದನೆಯ ಜಗಲಿ, ಗೋಡೆಗೆ ಆನಿಸಿದ ಮರದ ಬೆಂಚು. ಅಕ್ಕ ಗುರುತು ಹೇಳಲು ಒಳಗೆ ಹೋಗಿದ್ದಳು. "ನಾನೂ ಬರ್ತೀನಿ," ಎಂದಿದ್ದಕ್ಕೆ, "ಬೇಡ, ನಾನೊಬ್ಬಳೇ ನೋಡ್ತೀನಿ," ಎಂದಿದ್ದಳು. ಜಗಲಿಯಲ್ಲಿ ಅವಳೂ ಹಗ್ಗದಣ್ಣನೂ ಉಳಿದರು. ಅವನ ಹೆಗಲ ಮೇಲೆ ಹಗ್ಗ ಇರಲಿಲ್ಲ. ಹಗ್ಗವಿಲ್ಲದ ಅವನು ಯಾರೋ ಬೇರೆಯವನ ಹಾಗೆ ಕಂಡ.

"ಗುಡಿಸಲಿಗೆ ಎಷ್ಟು ಹತ್ರ ಗೊತ್ತಾ ಮೇಡಂ," ಎಂದ ಅವನು, ನೆಲ ನೋಡುತ್ತ. "ಮಂಜು ಇಲ್ದೆ ಇದ್ರೆ ಅಲ್ಲಿಂದ ಗುಡಿಸಲಿನ ಹೊಗೆ ಕಾಣುತ್ತೆ. ಒಂದು ದೊಡ್ಡ ಮರ ಬುಡಮೇಲಾಗಿ ಬಿದ್ದಿದೆ, ಹೋದ ಬಿರುಗಾಳೀಲಿ ಬಿದ್ದಿದ್ದು. ಅದರ ಕೊಂಬೆ ಸಂದೀಲಿ ಕಾಲು ಸಿಕ್ಕೊಂಡು ಮುರಿದಿದೆ. ಮರ ಉರುಳಿಕೊಂಡಿರಬೇಕು, ಕಾಲು ಎಳ್ಕೊಳ್ಳೋಕಾಗಿಲ್ಲ."

ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಆ ಮರದ ತುದಿ ತುಂಬಾ ನಿಮ್ಮ ಹಳದಿ ಗೊಂಚಲೇ. ನೆಲದಲ್ಲಿ, ಮೊಣಕಾಲೆತ್ತರದಲ್ಲಿ." ಅವನು ಕೈಯಿಂದ ಆ ಎತ್ತರ ತೋರಿಸಿದ. "ಪೊಟ್ಟಣ ಕಟ್ಟೋಕೆ ಅಂತ ಇಟ್ಕೊಂಡಿದ್ದ ಕಾಗದಾನೆಲ್ಲ ಒಂದೊಂದಾಗಿ ಸುಟ್ಟಿದ್ದಾರೆ. ಚಳಿಗೋ, ಹೊಗೆ ನೋಡಿ ಯಾರಾದ್ರೂ ಬರ್ಲಿ ಅಂತಲೋ. ಡಾಕ್ಟರು ಹೇಳೋ ಪ್ರಕಾರ, ನಾವು ನೆತ್ತೀಲಿ ಹುಡುಕೋಕೆ ಶುರು ಮಾಡಿದ ದಿನ ಸಂಜೆವರೆಗೂ ಇದ್ರಂತೆ."

ಅವಳು ಶವಾಗಾರದ ಬಾಗಿಲ ಕಡೆ ನೋಡಿದಳು. ಅಕ್ಕ ಇನ್ನೂ ಬಂದಿರಲಿಲ್ಲ.

"ಬಲಗಾಲಿನ ಮಂಡಿಗೆ ಪಟ್ಟಿ ಸುತ್ತಿದ್ರು," ಹಗ್ಗದಣ್ಣ ಹೇಳಿದ. "ಹೊಸದಲ್ಲ. ಮನೇಲಿ ಹೊಲಿದಿದ್ದು, ಬಳಸಿ ಬಳಸಿ ಮೆತ್ತಗಾಗಿದೆ. ಮಂಡಿ ಸವೆದುಹೋಗಿತ್ತು ಅಂದ್ರು ಡಾಕ್ಟರು. ಆ ಮಂಡೀಲಿ ನೆತ್ತಿ ಹತ್ತೋದಿರಲಿ, ಮಹಡಿ ಮೆಟ್ಟಿಲು ಹತ್ತಿದ್ರೇ ದೊಡ್ಡದು. ನಿಮಗೆ ಗೊತ್ತಿತ್ತಾ?"

"ಇಲ್ಲ."

"ಮನೇಲಿ ಯಾರಿಗೂ ಗೊತ್ತಿರಲಿಲ್ವಾ? ಅದೊಂದು ಮಾತು ಕಿವಿಗೆ ಬಿದ್ದಿದ್ರೆ ನಾನು ಕಣ್ಣು ಮುಚ್ಕೊಂಡು ಕಮರಿಗೇ ಇಳೀತಿದ್ದೆ."

ಅವಳ ಕಣ್ಣ ಮುಂದೆ ಭಾವ ಬಂದು ನಿಂತರು. ಕಳೆದ ಒಂದೆರಡು ವರ್ಷದಿಂದ ಆಫೀಸಿನ ಮೆಟ್ಟಿಲ ಬುಡದಲ್ಲಿ ನಿಂತು ಅವಳನ್ನೇ ಕೆಳಗೆ ಕೂಗಿ ಕರೆಯುತ್ತಿದ್ದುದು. "ವಯಸ್ಸಿಗೆ ಮರ್ಯಾದೆ ಕೊಡು, ನೀನೇ ಇಳಿದು ಬಾ," ಎಂದು ನಗುತ್ತಿದ್ದುದು. ಅದನ್ನವಳು ತಮಾಷೆ ಎಂದುಕೊಂಡಿದ್ದುದು. ಈಚೆಗೆ ತಂದ ಪೊಟ್ಟಣಗಳಲ್ಲಿ ಎಷ್ಟು ನಿಜವಾಗಿ ಮರದಿಂದ ಕಿತ್ತವು, ಎಷ್ಟು ನೆಲದಿಂದ ಎತ್ತಿ ಮರದ ಎತ್ತರ ಬರೆದವು? ಎಲ್ಲರ ಮುಂದೆ ಸೌದೆ ಆಯುವವರ ಮಾತಾಡಿದ ಮನುಷ್ಯ, ಅಲ್ಲಿ ಕತ್ತಲ ಕಮರಿಯಲ್ಲಿ, ಬಿದ್ದ ಮರದ ಕೊಂಬೆಗಳ ನಡುವೆ ಕುಂಟುತ್ತ, ಯಾರಾದರೂ ನೋಡಿಯಾರೆಂದು ಹಿಂದೆ ಮುಂದೆ ನೋಡುತ್ತ, ಒಂದೊಂದೇ ಕಡ್ಡಿ ಮುರಿದುಕೊಳ್ಳುತ್ತಿದ್ದರು. ಮೇಲೆ ಬೆಳೆದದ್ದೇ ಅದು. ಜಾತಿ ಸರಿಯಾಗಿತ್ತು, ಕೆಂಪು ಸರಿಯಾಗಿತ್ತು. ಅವಳು ಗುರುತಿಸಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗುರುತು ಸಿಗದೆ ಉಳಿದವರು ಭಾವ.

ಬಾಗಿಲು ಕಿರುಗುಟ್ಟಿತು. ಅಕ್ಕ ಹೊರಗೆ ಬಂದಳು. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಬಟ್ಟೆಯ ಚೀಲ. ಒಳಗೆ ಭಾವನ ಕೋಟು, ಬೂಟು, ಬೆಲ್ಟು. ಅಕ್ಕ ಅತ್ತಿರಲಿಲ್ಲ. ಬಂದು ಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು, ಮಗುವನ್ನು ಕೂರಿಸಿಕೊಂಡ ಹಾಗೆ.

"ಪಟ್ಟಿ ಬಿಚ್ಚಿರಲಿಲ್ಲ," ಎಂದಳು. "ನಾನೇ ಹೊಲಿದಿದ್ದು. ಸಂಜೆ ಹೊತ್ತು ಎಣ್ಣೆ ತಿಕ್ಕಿ ಸುತ್ತುತ್ತಿದ್ದೆ. ಆಫೀಸಿಗೆ ಗೊತ್ತಾದ್ರೆ ಕುರ್ಚಿಗೆ ಕಟ್ಟಾಕ್ತಾರೆ, ನಿನ್ನ ತಂಗೀಗೂ ಬಾಯಿ ಬಿಡಬೇಡ, ನನ್ನಾಣೆ ಅಂದಿದ್ರು. ಏರು ಹತ್ತಲ್ಲ ಕಣೇ, ಕೆಳಗೆ ಕೆಳಗೆ ಓಡಾಡ್ಕೊಂಡು ಬರ್ತೀನಿ ಅಂತ ಹೇಳೇ ಹೋಗಿದ್ರು."

ಹಗ್ಗದಣ್ಣ ತಲೆಯೆತ್ತಿದ. ಅವನ ಬಾಯಿ ತೆರೆಯಿತು. ತಂಗಿ ಅವನನ್ನು ನೋಡಿದಳು. ಅದೆಂಥ ನೋಟವೋ, ಅವನು ತೆರೆದ ಬಾಯಿ ಹಾಗೇ ಮುಚ್ಚಿದ.

"ಅವತ್ತು ನಿನ್ನ ಕೋಣೇಲಿ ಬಾಯಿ ತುದೀವರೆಗೂ ಬಂದಿತ್ತು," ಅಕ್ಕ ಹೇಳುತ್ತಲೇ ಇದ್ದಳು, ಯಾರನ್ನೂ ನೋಡದೆ. "ನೆತ್ತಿಗೆ ಅಂದಾಗ ಇದೇನಪ್ಪಾ ಅನ್ನಿಸ್ತು. ಆದ್ರೆ ಹೊರಗಿನವರಿದ್ರು. ಅವರು ಬದುಕಿ ಬಂದು, ನನ್ನ ಮಾನ ಕಳೆದೆ ಅಂದ್ರೆ ಏನು ಮಾಡ್ಲಿ ಅನ್ನಿಸ್ತು. ನೀನು ಬೇರೆ ಅಷ್ಟು ಖಂಡಿತ ಹೇಳ್ತಿದ್ದೆ." ಆಮೇಲೆ ತಿರುಗಿ ತಂಗಿಯ ಮುಖವನ್ನು ನೇರ ನೋಡಿದಳು. "ನಿಜ ಹೇಳೇ. ಆಗ ನಾನು ಮಂಡಿ ವಿಷಯ ಹೇಳಿದ್ದಿದ್ರೆ ಏನಾದ್ರೂ ಬೇರೆ ಆಗ್ತಿತ್ತಾ?"

ಜಗಲಿಯ ಆ ತುದಿಯಲ್ಲಿ ಯಾರೋ ಬಕೆಟ್ ಎಳೆಯುತ್ತ ಹೋದರು. ಆ ಸದ್ದು ಮುಗಿಯುವವರೆಗೆ ಅವಳಿಗೆ ಸಮಯ ಸಿಕ್ಕಿತು. ಎಲ್ಲೆಲ್ಲಿಂದಲೋ ಪೊಟ್ಟಣಗಳು ಅವಳ ಮೇಜಿಗೆ ಬರುತ್ತಿದ್ದುದು ಒಂದೇ ಒಂದು ನಂಬಿಕೆಯ ಮೇಲೆ: ಅವಳು ಹೆಸರು ತಪ್ಪುವುದಿಲ್ಲ. ಅವಳ ಹತ್ತಿರ ಇದ್ದ ಆಸ್ತಿ ಅಷ್ಟೇ.

"ಏನೂ ಆಗ್ತಿರಲಿಲ್ಲ ಅಕ್ಕಾ," ಎಂದಳು. "ಮಂಡಿಗೂ ಇದಕ್ಕೂ ಸಂಬಂಧ ಇಲ್ಲ. ನಾನೇ ಹೆಸರು ತಪ್ಪಿದೆ. ಅದು ಬಿಸಿಲುಕೋರ ಆಗಿರಲಿಲ್ಲ. ಅದರ ಹಾಗೇ ಕಾಣೋ ಇನ್ನೊಂದಿದೆ, ಕಮರೀಲಿ ಬೆಳೆಯೋದು. ನಾನು ಆತುರದಲ್ಲಿ ನೋಡಿದೆ."

"ಕೆಂಪಾಯ್ತಲ್ಲ? ಸುಳ್ಳು ಹೇಳಲ್ಲ ಅಂದೆ?"

"ಅದೂ ಕೆಂಪಾಗುತ್ತೆ. ಇನ್ನೊಂದು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ."

ಅಕ್ಕ ಅವಳನ್ನು ಬಹಳ ಹೊತ್ತು ನೋಡಿದಳು. ಆ ಮುಖದಲ್ಲಿ ಮೊದಲು ಏನೋ ಸಡಿಲವಾಯಿತು, ಭಾರ ಇಳಿಸಿಕೊಂಡವರ ಮುಖದಲ್ಲಿ ಆಗುವ ಹಾಗೆ. ಆಮೇಲೆ ಅದೇ ಮುಖ ನಿಧಾನವಾಗಿ ಗಟ್ಟಿಯಾಯಿತು.

"ಇಷ್ಟು ವರ್ಷ ಅದನ್ನೇ ನೋಡ್ಕೊಂಡು ಕೂತಿದ್ದೀಯಲ್ಲೇ," ಎಂದಳು. ದನಿ ಏರಿರಲಿಲ್ಲ. "ಮದುವೆ ಬೇಡ, ಮಕ್ಕಳು ಬೇಡ, ಅದೊಂದೇ ಸಾಕು ಅಂತ. ಅದನ್ನೂ ನೆಟ್ಟಗೆ ನೋಡೋಕಾಗಲಿಲ್ವೇನೇ ನಿಂಗೆ? ನಮ್ಮವರ ಪಾಲಿಗೇ ನಿನ್ನ ಕಣ್ಣು ಇಂಗಿಹೋಯ್ತಾ?"

"ತಪ್ಪಾಯ್ತು."

"ತಪ್ಪಾಯ್ತಂತೆ," ಎಂದು ಅಕ್ಕ ಹಗ್ಗದಣ್ಣನಿಗೆ ಹೇಳಿದಳು, ತಂಗಿ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಕಾಗದ ಸುಟ್ಕೊಂಡು ಕಾದ್ರಂತೆ ಆ ಮನುಷ್ಯ. ಇವಳು ತಪ್ಪಾಯ್ತು ಅಂತಾಳೆ."

ಚೀಲವನ್ನು ಎದೆಗವಚಿಕೊಂಡು ಅಕ್ಕ ಎದ್ದು ಗೇಟಿನ ಕಡೆ ನಡೆದಳು. ಹಗ್ಗದಣ್ಣ ಬೆಂಚಿನಿಂದ ಏಳಲಿಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದ.

"ನಾನು ವರದಿ ಬರೆದುಕೊಡಬೇಕು ಮೇಡಂ," ಎಂದ ಕೊನೆಗೆ. "ಮೇಲಕ್ಕೆ ಯಾಕೆ ಹೋದ್ರಿ ಅಂತ ಕೇಳೇ ಕೇಳ್ತಾರೆ. ಅದು ನಿಮ್ಮ ಆಫೀಸಿಗೂ ಹೋಗುತ್ತೆ."

"ಹೋಗಲಿ."

"ಈಗ ನಿಮ್ಮ ಅಕ್ಕನಿಗೆ ಹೇಳಿದ್ರಲ್ಲ, ಹಾಗೇ ಬರೀಲಾ?"

"ಹಾಗೇ ಬರೀರಿ."

"ಬಿದ್ದ ಮರದ ಬಗ್ಗೆ?"

"ನೀವು ನೋಡಿದ್ದನ್ನ ಬರೀರಿ. ಮಂಡಿ ಪಟ್ಟಿ ಮಾತ್ರ ಯಾಕೆ ಬರೀತೀರಿ? ಸತ್ತವರ ಕಾಲಿಗೆ ಏನು ಸುತ್ತಿದ್ರೆ ಯಾರಿಗೇನು?"

ಅವನು ತಲೆಯಾಡಿಸಿದ. ಒಪ್ಪಿಗೆಯೋ, ಆಗದು ಎಂದೋ, ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಗೇಟಿನ ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ಅವಳು ಓಡಿದಳು.

ಬಸ್ಸಿನಲ್ಲಿ ಜನ ಇರಲಿಲ್ಲ. ಡ್ರೈವರನ ಹಿಂದೆ ಒಬ್ಬ ಮುದುಕ ತೂಕಡಿಸುತ್ತಿದ್ದ, ಅಷ್ಟೇ. ಅಕ್ಕ ನಡುವಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದಳು. ಅವಳು ಹತ್ತಿರ ಹೋಗಿ ನಿಂತಳು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹಿಂದೆ ಮುಂದೆ ಸೀಟುಗಳೆಲ್ಲ ಖಾಲಿ ಇದ್ದವು. ಅವಳು ಮೇಲಿನ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಳು.

ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ವಾಲಿತು. ಚೀಲ ಜಾರಿ, ಒಂದು ಬೂಟು ಹೊರಗೆ ಬಂದು ಅವಳ ಕಾಲ ಬಳಿ ಬಿತ್ತು. ಅವಳು ಬಗ್ಗುವಷ್ಟರಲ್ಲಿ ಅಕ್ಕ ಕೈ ಚಾಚಿ ಅದನ್ನು ತಾನೇ ಎತ್ತಿಕೊಂಡಳು, ಚೀಲದೊಳಗೆ ಹಾಕಿದಳು, ಚೀಲವನ್ನು ಮತ್ತೆ ಅದೇ ಸೀಟಿನ ಮೇಲೆ ನೆಟ್ಟಗೆ ಕೂರಿಸಿದಳು.